ಪಕ್ಕದ ಮೇಜಿನ ಮಗು

ಬೈರಯ್ಯ ಸತ್ತವನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಉಗುರಿನ ಸಂದಿಗೆಲ್ಲ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದ. ಬೆಂಚಿನ ಕೆಳಗಿಂದ ಹರಿದ ನೀರು ಗಲ್ಲಿಯ ಚರಂಡಿ ಸೇರುತ್ತಿತ್ತು. ಸತ್ತವನ ಮಗ ಅಮರ್ ತಂಬಿಗೆಯಲ್ಲಿ ನೀರು ಹೊಯ್ಯುತ್ತ, ಬೈರಯ್ಯ ಯಾವಾಗ ಕೈ ಬಿಡುತ್ತಾನೋ ಎಂದು ಕಾಯುತ್ತಿದ್ದ.

"ಬಿಡಿ ಮಾಮ, ಅದು ಹೋಗಲ್ಲ" ಎಂದಳು ಮೀನಾ. "ಮೂವತ್ತು ವರ್ಷದ ವಾಸನೆ."

"ಹೋಗುತ್ತಮ್ಮ. ನಾವು ದಿನಾ ಹಿಂಗೇ ತೊಳ್ಕೋತಿದ್ವಿ" ಎಂದ ಬೈರಯ್ಯ, ತಲೆ ಎತ್ತದೆ.

ಮೀನಾಳ ಅಪ್ಪ ಆಂಜಿನಯ್ಯ ಹಿಂದಿನ ದಿನ ಮಧ್ಯಾಹ್ನ, ಗಾಂಧಿನಗರದ 'ಅಳಿವೆಬಾಗಿಲು' ಹೋಟೆಲಿನ ಹಿಂಭಾಗದಲ್ಲಿ, ಮೀನು ಕೊಯ್ಯುವ ಕಲ್ಲಿನ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡು ವಾಲಿದ್ದ. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನಿಗೆ ಐವತ್ತೆಂಟು. ಬೈರಯ್ಯ ಅದೇ ಅಡುಗೆಮನೆಯಲ್ಲಿ ಮಸಾಲೆ ಹಚ್ಚುವವನು. ಬೆಳಗಿನ ಕೆಲಸ ಮುಗಿಸಿ, ಇನ್ನಿಬ್ಬರನ್ನು ಕರೆದುಕೊಂಡು ನೇರವಾಗಿ ಕಾಟನ್‌ಪೇಟೆಯ ಈ ಗಲ್ಲಿಗೆ ಬಂದಿದ್ದ.

ಸ್ನಾನ ಮಾಡಿಸಿ, ಬಿಳಿ ಪಂಚೆ ಉಡಿಸಿ, ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಮಲಗಿಸಿದರು. ಕಮಲಮ್ಮ ಗಂಡನ ಕಾಲ ಬಳಿ ಗೋಡೆಗೊರಗಿ ಕೂತಳು. ಅವಳಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ. ಅಳುವ ಕೆಲಸವನ್ನು ಆಂಜಿನಯ್ಯನ ಅಕ್ಕ ಮಾರಕ್ಕ ವಹಿಸಿಕೊಂಡಿದ್ದಳು.

"ಊರಿಗೆಲ್ಲ ಮೀನು ಕೊಯ್ದು ಕೊಟ್ಯಲ್ಲೋ ತಮ್ಮಾ! ಒಂದಿನಾನಾದ್ರೂ ಆ ಕುರ್ಚಿ ಮೇಲೆ ಕೂತು ತಿಂದ್ಯೇನೋ!" ಎಂದು ಎದೆ ಬಡಿದುಕೊಂಡವಳು, ಥಟ್ಟನೆ ತಿರುಗಿ ಮೀನಾಳನ್ನು ಕೇಳಿದಳು, "ಸರ್ಕಾರಿ ಕೆಲಸ ಸಿಕ್ತಲ್ಲೇ ನಿಂಗೆ. ಒಂದ್ಸಲ ಕರ್ಕೊಂಡು ಹೋಗಿದ್ಯೇನೇ ಅಪ್ಪನ್ನ?"

"ಹೋಗಿದ್ದೆ ಅತ್ತೆ. ಒಂದೇ ಸಲ." ಮೀನಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ತಟ್ಟೆ ಕೆಡವಿ ಎದ್ದು ಬಂದ. ಅಪ್ಪಂಗೆ ಹೋಟ್ಲಲ್ಲಿ ಕೂತ್ಕೊಂಡು ತಿನ್ನಕ್ಕೇ ಬರ್ತಿರ್ಲಿಲ್ಲ."

ಬಾಗಿಲ ಹತ್ತಿರ ನಿಂತಿದ್ದ ಬೈರಯ್ಯ ಅವಳ ಮುಖ ನೋಡಿದ. ಹೊರಗೆ ಹೋಗಿ ಜಗಲಿಯ ಮೇಲೆ ಕೂತ.

*

ಅದು ತೊಂಬತ್ತೆಂಟನೇ ಇಸವಿ. ಮೀನಾಳಿಗೆ ದ್ವಿತೀಯ ದರ್ಜೆ ಸಹಾಯಕಿಯ ಕೆಲಸ ಸಿಕ್ಕಿ ಮೊದಲ ಸಂಬಳ ಬಂದಿತ್ತು. ಎಲ್ಲಿಗೆ ಹೋಗೋಣ ಎಂದು ಕೇಳಿದರೆ ಅಪ್ಪ 'ಎಲ್ಲಾದ್ರೂ ಸರಿ' ಎಂದ. ಅಮರ್ ಮಾತ್ರ ಅಳಿವೆಬಾಗಿಲೇ ಆಗಬೇಕೆಂದು ಹಟ ಹಿಡಿದ. ಕಾಲೇಜಿನಲ್ಲಿ ಅವನ ಗೆಳೆಯರೆಲ್ಲ ಅದರ ಮಾತನ್ನೇ ಆಡುತ್ತಿದ್ದರಂತೆ. ಹೋಟೆಲಿಗೆ ಆಗ ಮೂರು ಬ್ರಾಂಚುಗಳಿದ್ದವು. ಮಲ್ಲೇಶ್ವರ ದಾಟಿ ವೈಯಾಲಿಕಾವಲ್ ಕಡೆಗೆ ತಿರುಗುವಲ್ಲಿ ಹೊಸದಾಗಿ ಮೂರನೆಯದು ತೆರೆದಿತ್ತು. ಅಲ್ಲಿ ತನ್ನ ಗುರುತು ಹಿಡಿಯುವವರಿಲ್ಲ ಎಂದ ಮೇಲೆ ಆಂಜಿನಯ್ಯ ಒಪ್ಪಿದ.

ಅವನು ಮದುವೆಮನೆಗೆ ಹೋಗುವವನ ಹಾಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಏಸಿ ರೂಮಿನ ಕುರ್ಚಿಯ ತುದಿಯಲ್ಲಿ ಕೂತು, ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡ. ವೇಟರ್ "ಏನ್ ಕೊಡ್ಲಿ ಸಾರ್?" ಎಂದಾಗ ಬೇರೆ ಯಾರನ್ನೋ ಕೇಳುತ್ತಿದ್ದಾನೆಂದು ಹಿಂದೆ ತಿರುಗಿ ನೋಡಿದ. ಕಮಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮೊದಲು ಸೀಗಡಿ ಬಂತು. ಆಂಜಿನಯ್ಯನ ಬಿಗಿ ಸಡಿಲವಾಯಿತು. "ಬಾಲ ಹಿಡ್ಕೊಂಡು ತಿನ್ನೋ, ಚಮಚ ಯಾಕೆ?" ಎಂದು ಮಗನಿಗೆ ತೋರಿಸಿಕೊಟ್ಟ. ಹೆಂಡತಿಯ ತಟ್ಟೆಗೆ ನಾಲ್ಕು ಎತ್ತಿ ಹಾಕಿದ. ಅಪ್ಪ ಅಷ್ಟು ಮಾತಾಡಿದ್ದನ್ನು ಮೀನಾ ನೋಡಿರಲಿಲ್ಲ. ಮುಂದಿನ ತಿಂಗಳೂ ಬರಬೇಕು ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಆಮೇಲೆ ಅಂಜಲ್ ಮೀನಿನ ಫ್ರೈ ಬಂತು. ತಟ್ಟೆಗೆ ಹಾಸಿದ ಬಾಳೆಲೆಯ ಮೇಲೆ ಅಂಗೈಯಗಲದ ನಾಲ್ಕು ತುಂಡು, ಕೆಂಪು ಮಸಾಲೆ, ಮೇಲೆ ಈರುಳ್ಳಿ. ಆಂಜಿನಯ್ಯ ಆ ತುಂಡುಗಳನ್ನೇ ನೋಡಿದ. ಬಗ್ಗಿ ಮೂಸಿದ.

"ಅಪ್ಪಾ, ಏನ್ ಮಾಡ್ತಿದ್ದೀಯಾ? ಎಲ್ಲ ನೋಡ್ತಿದಾರೆ" ಎಂದು ಮೀನಾ ಪಿಸುಗುಟ್ಟಿದಳು.

ಅಮರ್ ಕೈ ಚಾಚಿದ್ದಷ್ಟೇ. ಅಪ್ಪನ ಮೊಣಕೈ ಬಡಿದು ತಟ್ಟೆ ನೆಲಕ್ಕೆ ಬಿದ್ದು ಚೂರಾಯಿತು. ಮಸಾಲೆ ಕಮಲಮ್ಮನ ಸೀರೆಗೆಲ್ಲ ಸಿಡಿಯಿತು.

"ಪರವಾಗಿಲ್ಲ ಸಾರ್, ಇನ್ನೊಂದು ಪ್ಲೇಟ್ ತರ್ತೀನಿ" ಎಂದ ವೇಟರ್.

"ಬೇಡ!"

ಆ ಕೂಗಿಗೆ ಇಡೀ ರೂಮು ತಿರುಗಿ ನೋಡಿತು. ಆಂಜಿನಯ್ಯ ಎದ್ದು ನಿಂತಿದ್ದ. "ನಂಗೆ ಹೊಟ್ಟೆ ಸರಿ ಇಲ್ಲ. ಏಳಿ, ಹೋಗೋಣ" ಎಂದ.

ಬಾಗಿಲಿಗೆ ಹೋಗುವ ದಾರಿಯಲ್ಲಿ, ಪಕ್ಕದ ಮೇಜಿನ ಹತ್ತಿರ ಅವನ ಕಾಲು ನಿಂತಿತು. ಅಲ್ಲಿ ಗಂಡ ಹೆಂಡತಿ, ಮೂರು ವರ್ಷದ ಒಂದು ಹೆಣ್ಣುಮಗು. ತಾಯಿ ಅಂಜಲಿನ ಮುಳ್ಳು ಬಿಡಿಸಿ, ಊದಿ ಊದಿ, ಮಗುವಿನ ಬಾಯಿಗೆ ಇಡುತ್ತಿದ್ದಳು. ಆಂಜಿನಯ್ಯನ ತುಟಿ ಅಲುಗಿತು. ಮಗುವಿನ ತಂದೆ ಹುಬ್ಬು ಗಂಟಿಕ್ಕಿ, "ಏನ್ರೀ?" ಎಂದ.

ಮೀನಾ ಓಡಿ ಬಂದು ಅಪ್ಪನ ತೋಳು ಹಿಡಿದೆಳೆದಳು. "ಜನರ ತಟ್ಟೆ ನೋಡ್ಕೊಂಡು ನಿಂತ್ಕೋತಾರಾ ಅಪ್ಪಾ?"

ಬಸ್ ಸ್ಟಾಪಿನಲ್ಲಿ ಅವಳು ಇನ್ನೊಂದು ಮಾತು ಆಡಿದಳು. "ನಿನ್ನ ಕರ್ಕೊಂಡು ಬಂದಿದ್ದೇ ನನ್ನ ತಪ್ಪು." ಆಂಜಿನಯ್ಯ ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದ.

ಮುಂದೆ ಅಮರ್ ಪಾಸಾದಾಗ, ಅವಳಿಗೆ ಬಡ್ತಿ ಬಂದಾಗ, ಮೂವರೇ ಹೋಟೆಲಿಗೆ ಹೋದರು. "ನಿಂಗೆ ಆಗಲ್ಲ ಅಲ್ವಾಪ್ಪ" ಎಂದರೆ ಅವನು "ಹೋಗ್ಬನ್ನಿ, ಹೋಗ್ಬನ್ನಿ" ಎನ್ನುತ್ತಿದ್ದ. ಅವರು ಬರುವಷ್ಟರಲ್ಲಿ ಬೆಳಗಿನ ಅನ್ನ ಉಂಡು, ತಟ್ಟೆ ತೊಳೆದಿಟ್ಟು, ಟೀವಿ ನೋಡುತ್ತ ಕೂತಿರುತ್ತಿದ್ದ. ಹಾಗೆ ಎಂಟು ವರ್ಷ ಕಳೆಯಿತು.

*

ಅಮರ್ ಶವದ ವ್ಯಾನು ತರಲು ಹೋಗಿದ್ದ. ಮೀನಾ ಬಂದವರಿಗೆ ಕಾಫಿ ಕೊಡುತ್ತ ಜಗಲಿಗೆ ಬಂದಾಗ ಬೈರಯ್ಯ ಲೋಟ ತೆಗೆದುಕೊಳ್ಳಲಿಲ್ಲ.

"ಕೂತ್ಕೋ ಮೀನಮ್ಮ" ಎಂದ. "ನೀನು ಒಳಗೆ ಹೇಳಿದ್ಯಲ್ಲ, ತಟ್ಟೆ ಕೆಡವಿದ್ದು. ಅದು ಕೈ ತಪ್ಪಿ ಬಿದ್ದಿದ್ದಲ್ಲಮ್ಮ."

ಮೀನಾ ನಿಂತೇ ಇದ್ದಳು.

"ಅವತ್ತು ಬೆಳಿಗ್ಗೆ ಬಂದ ಅಂಜಲ್ ಸರಿ ಇರ್ಲಿಲ್ಲ. ದಾರೀಲಿ ಲಾರಿ ಕೆಟ್ಟು, ಐಸ್ ಕರಗೋಗಿತ್ತು. ಕಿವಿರು ಕಂದಿತ್ತು. ಬೆರಳಲ್ಲಿ ಒತ್ತಿದ್ರೆ ಗುಳಿ ಹಂಗೇ ನಿಲ್ತಿತ್ತು. ನಿಮ್ಮಪ್ಪ ಮ್ಯಾನೇಜರ್‌ಗೆ ಹೇಳ್ದ. ಖಾರ ಹುಣಸೆ ಜಾಸ್ತಿ ಹಾಕಿ ಮೂರು ಬ್ರಾಂಚಿಗೂ ಕಳ್ಸಿ ಅಂದ್ಬಿಟ್ರು ಅವ್ರು. ಮೂರಕ್ಕೂ ಕೊಯ್ಯೋದು ನಮ್ಮಲ್ಲೇ ಅಲ್ವಾ. ನಿಮ್ಮಪ್ಪ ಕೊಯ್ದ."

"ಮಸಾಲೆ?"

"ನಾನೇ ಹಚ್ಚಿದ್ದು." ಬೈರಯ್ಯ ತನ್ನ ಕೈಗಳನ್ನೇ ನೋಡಿಕೊಂಡ. "ಸಂಜೆ ನೀವು ಅಲ್ಲಿಗೇ ಹೋಗ್ತೀರಿ ಅಂತ ಅವನಿಗೆ ಗೊತ್ತಿತ್ತು. ಆದ್ರೆ ಮಧ್ಯಾಹ್ನದ ಊಟಕ್ಕೇ ಅದು ಖಾಲಿ ಆಗಿರುತ್ತೆ ಅಂದ್ಕೊಂಡಿದ್ದ. ತುಂಡು ನೋಡಿದ ತಕ್ಷಣ ತನ್ನ ಕತ್ತಿ ಏಟು ಗುರುತು ಸಿಕ್ತಂತೆ."

ಒಳಗೆ ಮಾರಕ್ಕ ಮತ್ತೆ ದನಿ ಎತ್ತಿದಳು. ಮೀನಾ ಕಾಫಿ ತಟ್ಟೆಯನ್ನು ಕೆಳಗಿಟ್ಟು ಬೈರಯ್ಯನ ಪಕ್ಕ ಕೂತಳು.

"ನಂಗೆ ಯಾಕೆ ಹೇಳ್ಲಿಲ್ಲ?"

"ನಾನೂ ಅದನ್ನೇ ಕೇಳ್ದೆ. 'ಹೇಳಿದ್ರೆ ಕೆಲಸ ಬಿಡು ಅಂತಾಳೆ ಬೈರ. ಬಿಟ್ರೆ ಈ ವಯಸ್ಸಲ್ಲಿ ನಂಗೆ ಯಾರು ಕೊಡ್ತಾರೆ? ಬಿಡದೇ ಇದ್ರೆ ನನ್ನ ಮುಖ ನೋಡಲ್ಲ ಅವಳು' ಅಂದ."

"ಆ ಮಗು..." ಎಂದಳು ಮೀನಾ. ಎಂಟು ವರ್ಷ ಅವಳಿಗೆ ನೆನಪೇ ಇರದಿದ್ದ ಮಗು.

"ಅದನ್ನೂ ಹೇಳಿದ್ದ. ಮಿಕ್ಕವರನ್ನೆಲ್ಲ ಹೆಂಗೋ ಮರೆತ. ಅದನ್ನ ಮರೆಯಕ್ಕೆ ಆಗ್ಲಿಲ್ಲ. 'ನನ್ನ ಮಕ್ಕಳ ತಟ್ಟೆ ಕೆಡವ್ದೆ, ಆ ಮಗೂದು ಕೆಡವಕ್ಕೆ ಕೈ ಬರ್ಲಿಲ್ಲ' ಅಂತ ಎಷ್ಟು ಸಲ ಹೇಳಿದಾನೋ. ಆಮೇಲೆ ಒಂದು ವರ್ಷ ವಾರದ ರಜಾ ಬಂದ್ರೆ ಸಾಕು, ಆ ಬ್ರಾಂಚಿನ ಎದುರಿಗೆ ಹೋಗಿ ನಿಂತ್ಕೋತಿದ್ದ. ಮತ್ತೆ ಊಟಕ್ಕೆ ಬಂದ್ರೆ ಮಗು ಚೆನ್ನಾಗಿದೆ ಅಂತ ಗೊತ್ತಾಗುತ್ತಲ್ಲ ಅಂತ."

ಮೀನಾಳಿಗೆ ಅಪ್ಪನ ರಜೆಯ ಆ ಮಂಗಳವಾರಗಳು ನೆನಪಾದವು. ಇಸ್ತ್ರಿ ಅಂಗಿ ಹಾಕಿಕೊಂಡು ಸಂಜೆ ಹೊರಟುಬಿಡುತ್ತಿದ್ದ ಅಪ್ಪ. ಎಲ್ಲೋ ಇಸ್ಪೀಟಿಗೆ ಹೋಗುತ್ತಾನೆಂದು ಅಮ್ಮ ಬೈದುಕೊಳ್ಳುತ್ತಿದ್ದಳು. ತಾನೂ ಅದಕ್ಕೆ ದನಿಗೂಡಿಸಿದ್ದಳು.

"ಬಂತಾ ಮಾಮ? ಮಗು ಬಂತಾ?"

"ಇಲ್ಲಮ್ಮ" ಎಂದ ಬೈರಯ್ಯ. "ಅಂದ್ರೆ, ಏನಾದ್ರೂ ಆಗಿರ್ಬೇಕು ಅಂತ ಅಲ್ಲ. ಎಷ್ಟೋ ಜನ ಒಂದೇ ಸಲ ಬರೋರು ಇರ್ತಾರೆ. ಬೇರೆ ಊರಿನವರಿದ್ರೂ ಇರಬಹುದು. ನಾನು ಅವನಿಗೂ ಇದನ್ನೇ ಹೇಳ್ತಿದ್ದೆ."

ಅವಳಿಗೆ ಬೈರಯ್ಯನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದ್ದು ಒಳಗೆ ಹೋಗಿ ಅಪ್ಪನ ತಲೆಯ ಬಳಿ ಕೂತಳು. ಮೂಗಿಗೆ ಹತ್ತಿ ಇಟ್ಟಿದ್ದರು, ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿದ್ದರು. ಕಿವಿಯ ಹತ್ತಿರ ಬಾಗಿ "ಅಪ್ಪಾ" ಎಂದಳು. ಇನ್ನೊಮ್ಮೆ "ಅಪ್ಪಾ" ಎಂದಳು. ಅಷ್ಟರಲ್ಲಿ ಅಮರ್ ಬಂದು, ವ್ಯಾನು ಬಂತು, ಗಲ್ಲಿಯೊಳಗೆ ಬರಲ್ಲವಂತೆ, ಎತ್ತಿಕೊಂಡೇ ಹೋಗಬೇಕು ಎಂದ.

*

ಮೈಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣು ಮಾಡುವಷ್ಟರಲ್ಲಿ ನಾಲ್ಕೂವರೆಯಾಯಿತು. ಹಿರಿಯರೊಬ್ಬರು 'ಬುದ್ಧಂ ಶರಣಂ' ಹೇಳಿಸಿದರು. ಕಮಲಮ್ಮ ಒಂದು ಹಿಡಿ ಮಣ್ಣು ಹಾಕಿದವಳು ಮುಷ್ಟಿ ಬಿಚ್ಚಿದಂತೆಯೇ ಕೈ ಚಾಚಿಕೊಂಡು ನಿಂತಿದ್ದಳು. ಮಾರಕ್ಕ ಅವಳನ್ನು ತಬ್ಬಿಕೊಂಡು ನೆರಳಿಗೆ ಕರೆದೊಯ್ದಳು.

ಗೇಟಿನ ನಲ್ಲಿಯಲ್ಲಿ ಬೈರಯ್ಯ ಮತ್ತು ಅವನ ಜೊತೆಯವರು ಕೈಕಾಲು ತೊಳೆಯುತ್ತಿದ್ದರು. ಒಬ್ಬ ಆಗಲೇ ಚೀಲದಿಂದ ಹೋಟೆಲಿನ ನೀಲಿ ಏಪ್ರನ್ ತೆಗೆದು ಕೊರಳಿಗೆ ಹಾಕಿಕೊಂಡಿದ್ದ.

"ಹೊರಡ್ತೀವಮ್ಮ" ಎಂದ ಬೈರಯ್ಯ. "ಇವತ್ತು ಶನಿವಾರ. ಆರು ಗಂಟೆಗೆಲ್ಲ ಬಾಗ್ಲಲ್ಲಿ ಕ್ಯೂ ನಿಂತಿರುತ್ತೆ."

"ಇವತ್ತು ಯಾರು ಕೊಯ್ದ್ರು ಮಾಮ?"

"ನಾನೇ. ಬೆಳಿಗ್ಗೆ ನಾಲ್ಕಕ್ಕೆ ಹೋಗಿ ಕೊಯ್ದೆ. ಈಗ ಐದು ಬ್ರಾಂಚು."

"ಮೀನು ಹೇಗಿತ್ತು?"

ಬೈರಯ್ಯ ಮಡಿಸಿದ್ದ ಪ್ಯಾಂಟಿನ ಕಾಲನ್ನು ಬಗ್ಗಿ ಬಿಡಿಸತೊಡಗಿದ. ಒಂದು ಕಾಲು ಬಿಡಿಸಿದ, ಇನ್ನೊಂದು ಬಿಡಿಸಿದ. ಅಷ್ಟರಲ್ಲಿ ಜೊತೆಯವರು ಆಟೋ ನಿಲ್ಲಿಸಿ ಕೂಗಿದರು. ಅವನು ಮೀನಾಳ ತಲೆಯ ಮೇಲೆ ಒದ್ದೆ ಕೈ ಇಟ್ಟು, ಹೋಗಿ ಹತ್ತಿಕೊಂಡ.

ಗೇಟಿನಿಂದ ಸ್ವಲ್ಪ ಮುಂದಿನ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಬೈರಯ್ಯ ಪಕ್ಕದಿಂದ ತಲೆ ಹೊರಗೆ ಹಾಕಿ ಅವಳ ಕಡೆ ತಿರುಗಿದ. ಏನೋ ಹೇಳುತ್ತ ಅವನ ಬಾಯಿ ಆಡುತ್ತಿತ್ತು. ಹಿಂದೆ ನಿಂತ ಬಸ್ಸು ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಮೀನಾ ಫುಟ್‌ಪಾತಿನಿಂದ ಇಳಿದು ಎರಡು ಹೆಜ್ಜೆ ಮುಂದೆ ಹೋಗಿ, ಕೇಳಿಸುತ್ತಿಲ್ಲ ಎಂದು ಕೈ ಆಡಿಸಿದಳು. ಬೈರಯ್ಯ ಅದನ್ನು ಬೀಳ್ಕೊಡುಗೆ ಎಂದುಕೊಂಡು ತಾನೂ ಕೈ ಎತ್ತಿದ. ಹಸಿರು ದೀಪ ಬಂತು.