ಅನನ್ಯಾಳ ಷಡ್ಜ

ಕೀಬೋರ್ಡಿನ ಬಿಳಿ ಮನೆಗಳ ಮೇಲೆ ಅನೂಪ್ ಅಂಟಿಸಿದ್ದ ಚೀಟಿಗಳನ್ನು ಕಂಡಾಗಲೇ ಧಾರಿಣಿಗೆ ಮೈ ಉರಿಯಿತು. ‘ಸಿ’ ಮೇಲೆ ಸ, ‘ಡಿ’ ಮೇಲೆ ರಿ, ‘ಇ’ ಮೇಲೆ ಗ. ಗೋಂದು ಹಚ್ಚಿ ಒತ್ತಿಬಿಟ್ಟರೆ ಸ್ವರ ತೆಪ್ಪಗೆ ಅಲ್ಲೇ ಕೂತಿರುತ್ತದೆ ಎಂದು ಆ ಹುಡುಗ ನಂಬಿದ್ದ.

ಧಾರಿಣಿ ಮೈಸೂರಿನವಳು. ಗಂಡನಿಗೆ ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ನೌಕರಿ. ವರ್ಷಗಳಿಂದ ಪ್ರತಿ ಭಾನುವಾರ ಲಕ್ಷ್ಮೀ ನಗರದಲ್ಲಿ ಮೆಟ್ರೋ ಹತ್ತಿ ಕರೋಲ್ ಬಾಗಿಗೆ ಬಂದು, ಅಲ್ಲಿನ ಕನ್ನಡ ಸಂಘದ ಸಭಾಂಗಣದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಈ ಸಲದ ರಾಜ್ಯೋತ್ಸವದಲ್ಲಿ ಮಕ್ಕಳ ವೃಂದಗಾನಕ್ಕೆ ವಾದ್ಯಗಳೂ ಇರಲಿ ಎಂದು ಕಾರ್ಯದರ್ಶಿ ಇಂದುಶೇಖರರಿಗೆ ಅನ್ನಿಸಿತು. ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ ಮಾಡುವ, ಪಿಯಾನೋ ಪರೀಕ್ಷೆಗಳನ್ನು ಪಾಸು ಮಾಡಿಕೊಂಡಿದ್ದ ಅನೂಪನನ್ನು ಅವರೇ ಕರೆತಂದರು.

ಅನೂಪ್ ಕೆಟ್ಟವನೇನಲ್ಲ. ಐದು ಗೆರೆಗಳ ಮೇಲೆ ಕಪ್ಪು ಚುಕ್ಕೆಗಳನ್ನು ಕೂರಿಸಿದ ಅಚ್ಚುಕಟ್ಟಾದ ಹಾಳೆಗಳನ್ನು ತಂದು ಪಿಟೀಲು ನುಡಿಸುವ ಇಬ್ಬರು ಹುಡುಗಿಯರಿಗೂ ಧಾರಿಣಿಗೂ ಹಂಚಿದ. ಧಾರಿಣಿ ಹಟ ಹಿಡಿದು ಆ ಲಿಪಿಯನ್ನು ಓದಲು ಕಲಿತಳು, ಕಲಿತ ಮೇಲೆ ಮೆಚ್ಚಿಯೂ ಮೆಚ್ಚಿದಳು. ಮುಖ ಕಾಣದ ಇಬ್ಬರು ಬೇರೆ ಬೇರೆ ಊರಲ್ಲಿ ಕೂತು ಅದೇ ರಾಗವನ್ನು ಅದೇ ಎತ್ತರದಲ್ಲಿ ನುಡಿಸಬಹುದು, ಅದು ಸಣ್ಣ ಮಾತಲ್ಲ. ಅವಳ ಸರಿಗಮದ ಬರಹದಲ್ಲಿ ಮೇಲಿನ ಸ್ಥಾಯಿಗೆ ಅಕ್ಷರದ ತಲೆಯ ಮೇಲೊಂದು ಚುಕ್ಕೆ, ಕೆಳಗಿನದಕ್ಕೆ ಕಾಲಡಿಗೊಂದು ಚುಕ್ಕೆ ಇರುತ್ತದೆ, ಅಷ್ಟೆ. ಉಳಿದದ್ದು ಗುರುವಿನ ಬಾಯಿಂದಲೇ ಬರಬೇಕು. ಆದರೆ ಆ ಬರಹ ಯಾರ ಗಂಟಲಿಗೂ ಇಂಥಲ್ಲೇ ಶುರುಮಾಡು ಎಂದು ಅಪ್ಪಣೆ ಕೊಡುವುದಿಲ್ಲ.

ಪೆಟ್ಟು ಬಿದ್ದದ್ದು ಅನನ್ಯಾಳಿಗೆ. ಹದಿಮೂರರ ಹುಡುಗಿ, ತಗ್ಗಿನ ತುಂಬು ದನಿ. ಅವಳ ಸ, ಅವಳ ಷಡ್ಜ, ಶ್ರುತಿಪೆಟ್ಟಿಗೆಯ ಆರು ಮನೆಯಲ್ಲಿತ್ತು, ಅಂದರೆ ಅನೂಪನ ‘ಸಿ’ಗಿಂತ ಸಾಕಷ್ಟು ಕೆಳಗೆ. ಹಾಡು ಮೇಲಿನ ಗಾಂಧಾರ, ಮೇಲಿನ ಸ್ಥಾಯಿಯ ಗ, ಮುಟ್ಟುವಾಗೆಲ್ಲ ಅವಳ ದನಿ ಒಡೆಯುತ್ತಿತ್ತು. ಕೊನೆಯ ಅಭ್ಯಾಸದ ದಿನ ಹುಡುಗಿ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಧಾರಿಣಿ ಕೇಳಿದ್ದಕ್ಕೆ, “ಅನೂಪ್ ಭಯ್ಯಾ ಹೇಳಿದ್ರು ಆಂಟಿ, ಸಿರ್ಫ್ ಬಾಯಿ ಹಿಲಾನಾ ಹೈ ಅಂತ. ಬರೀ ಬಾಯಿ ಆಡಿಸ್ಬೇಕಂತೆ, ಆವಾಜ್ ಬರಬಾರದಂತೆ,” ಎಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಎತ್ತರವಾಗಿದ್ದದ್ದು ಹಾಡು, ಬಾಯಿ ಮುಚ್ಚಿಸಿದ್ದು ಮಗುವಿನದು. ಶ್ರುತಿಯನ್ನು ಆರು ಮನೆಗೆ ಇಳಿಸೋಣ ಎಂದು ಧಾರಿಣಿ ನೇರವಾಗಿ ಅನೂಪನಿಗೆ ಹೇಳಿದಳು. ಪಿಟೀಲಿನ ಹುಡುಗಿಯರಿಬ್ಬರೂ ಹಾಳೆ ನೋಡಿ ಕಲಿತಿದ್ದಾರೆ, ಒಬ್ಬಳಿಗೋಸ್ಕರ ಎಲ್ಲ ಹಾಳೆ ಮತ್ತೆ ಬರೆಯಲಾಗದು, ಸ ಅಂದರೆ ಸಿ ಎಂದು ನಿರ್ಧಾರವಾಗಿದೆ ಎಂದ ಅವನು.

“ನಿಮ್ಮ ಸಿ ಮೆಟ್ರೋ ಸ್ಟೇಷನ್ ಇದ್ದ ಹಾಗೆ ಅನೂಪ್, ಯಾರು ಬಂದ್ರೂ ಹೋದ್ರೂ ಅಲ್ಲೇ ಇರುತ್ತೆ, ಇರಲೇಬೇಕು. ಸ ಅನ್ನೋದು ನಾವು ಹತ್ತೋ ಜಾಗ. ನಾನು ಲಕ್ಷ್ಮೀ ನಗರದಲ್ಲಿ ಹತ್ತುತೀನಿ ಅಂತ ದಿಲ್ಲಿಯವರೆಲ್ಲ ಅಲ್ಲಿಗೇ ಬಂದು ಹತ್ತಬೇಕಾ?”

ಪಕ್ಕದಲ್ಲಿದ್ದ ಇಂದುಶೇಖರರು ನಕ್ಕು, ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂದರು. ಗಾದೆ ಚೆನ್ನಾಗಿದೆ. ಆದರೆ ನೆಲ ನಿಜಕ್ಕೂ ಡೊಂಕಾಗಿರುವ ಮನೆಗಳೂ ಇರುತ್ತವೆ, ಅಲ್ಲಿ ಆ ಗಾದೆ ಹೇಳುವವನು ಸಾಮಾನ್ಯವಾಗಿ ಮನೆಯ ಯಜಮಾನನೇ.

ಮರುದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಹಿಂದೆ ಅಪ್ಪ ಅಮ್ಮಂದಿರು. ಪರದೆ ಸರಿಯಿತು. ಅನೂಪ್ ‘ಸಿ’ ನುಡಿಸಲು ಕೈ ಎತ್ತುವಷ್ಟರಲ್ಲಿ ಧಾರಿಣಿ ಪಕ್ಕದ ಪರದೆಯ ಮರೆಯಿಂದ ವೇದಿಕೆಗೆ ನಡೆದು ಬಂದು, ಶ್ರುತಿಪೆಟ್ಟಿಗೆಯನ್ನು ಮೈಕಿನ ಮುಂದಿಟ್ಟು ಆರು ಮನೆಗೆ ತಿರುಗಿಸಿದಳು. “ಅನನ್ಯಾ, ಸ ಹಿಡಿ,” ಎಂದಳು.

ಹುಡುಗಿ ಒಂದು ಕ್ಷಣ ಅನೂಪನ ಕಡೆ ನೋಡಿದಳು, ಆಮೇಲೆ ಹಿಡಿದಳು. ತುಂಬಿದ ಕೊಡದಂಥ ದನಿ. ಉಳಿದ ಮಕ್ಕಳು ಅನುಮಾನಿಸದೆ ಅಲ್ಲಿಗೇ ಬಂದು ಸೇರಿಕೊಂಡರು. ಸ ಎಲ್ಲಿದ್ದರೆ ಅಲ್ಲಿಂದ ರಿ, ಅಲ್ಲಿಂದ ಗ, ಅದನ್ನು ಅವರಿಗೆ ಹೊಸದಾಗಿ ಹೇಳಬೇಕಿರಲಿಲ್ಲ. ಪಲ್ಲವಿ ಹೋಯಿತು, ಮೇಲಿನ ಗಾಂಧಾರ ಬಂತು, ಅನನ್ಯಾಳ ದನಿ ಅದರ ಮೇಲೆ ನಿಂತಿತು. ಎರಡನೆಯ ಚರಣಕ್ಕೆ ಅನೂಪ್ ಯಾವುದೋ ಗುಂಡಿ ಒತ್ತಿ, ಕೀಬೋರ್ಡಿನ ಶ್ರುತಿ ಇಳಿಸಿಕೊಂಡು ಮೆಲ್ಲಗೆ ಜೊತೆಗೂಡಿದ. ಪಿಟೀಲಿನ ಹುಡುಗಿಯರು ಮಾತ್ರ ಹಾಳೆ ನೋಡುತ್ತಾ ಸುಮ್ಮನೆ ಕೂತರು.

ಚಪ್ಪಾಳೆ ಮುಗಿದ ಮೇಲೆ ಇಂದುಶೇಖರರು ಅವಳನ್ನು ಹಿಂದಿನ ಕೋಣೆಗೆ ಕರೆದರು. ಅತಿಥಿಗಳ ಎದುರು ಅನೂಪನ ಮರ್ಯಾದೆ ತೆಗೆದಿರಿ, ಕ್ಷಮೆ ಕೇಳಿದರೆ ತರಗತಿ ಮುಂದುವರಿಯಲಿ, ಇಲ್ಲವಾದರೆ ಈ ಭಾನುವಾರದಿಂದ ಬರುವುದು ಬೇಡ ಎಂದರು.

“ಪಿಟೀಲಿನ ಮಕ್ಕಳ ಹತ್ತಿರ ಕ್ಷಮೆ ಕೇಳ್ತೀನಿ, ಅವರಿಗೆ ಅನ್ಯಾಯ ಆಯ್ತು, ಅದು ನನ್ನದೇ ತಪ್ಪು,” ಎಂದಳು ಧಾರಿಣಿ. “ಅನೂಪ್‌ಗೆ ಕೇಳಲ್ಲ. ಕೇಳಿದ್ರೆ ಆ ಹುಡುಗಿ ಬಾಯಿ ಮುಚ್ಚಿಸಿದ್ದು ಸರಿ ಅಂದ ಹಾಗಾಗುತ್ತೆ.”

ಹಾಗೆಂದು ಅವಳು ಹೊರಗೆ ಬಂದು ಆ ಇಬ್ಬರು ಹುಡುಗಿಯರ ಮುಂದೆ ಕೂತು ಕ್ಷಮೆ ಕೇಳಿದಳು. ಒಬ್ಬಳು ಪರವಾಗಿಲ್ಲ ಎಂದಳು, ಇನ್ನೊಬ್ಬಳು ಮುಖ ತಿರುಗಿಸಿದಳು. ಆದರೂ ಮಾಡಿದ್ದಕ್ಕೆ ಧಾರಿಣಿಗೆ ಪಶ್ಚಾತ್ತಾಪವಾಗಲಿಲ್ಲ.

ಗೇಟಿನ ಹತ್ತಿರ ಅನನ್ಯಾ ಓಡಿಬಂದು, ತನ್ನಿಂದ ಕ್ಲಾಸು ಹೋಯಿತಂತಲ್ಲ ಎಂದು ಕೇಳಿದಳು. ಕಣ್ಣು ತುಂಬಿತ್ತು.

“ಕ್ಲಾಸ್ ಹೋದ್ರೆ ಹೋಗ್ಲಿ ಬಿಡು. ಮೊದಲನೇ ಚರಣದಲ್ಲಿ ಯಾಕೆ ಅಷ್ಟು ಆತುರ ಮಾಡಿದೆ? ಮೇಲಿನ ಗಾಂಧಾರಕ್ಕೆ ಹೋಗೋ ಮುಂಚೆ ಉಸಿರು ತಗೋಬೇಕು ಅಂತ ಎಷ್ಟು ಸಲ ಹೇಳಿದೀನಿ?”

ಅನನ್ಯಾಳ ಮುಖ ಅರಳಿತು. ಬರೀ ಬಾಯಿ ಆಡಿಸುವವರನ್ನು ಯಾರೂ ತಿದ್ದುವುದಿಲ್ಲ. ಅಲ್ಲೇ ರಸ್ತೆಯ ಬದಿಯಲ್ಲಿ, ರಿಕ್ಷಾಗಳ ಗಲಾಟೆಯ ನಡುವೆ, ಅವಳು ಉಸಿರು ತೆಗೆದುಕೊಂಡು ಆ ಸಾಲನ್ನು ಮತ್ತೆ ಹಾಡಿದಳು.