ಎಡಗಡೆಯ ಗುಂಡಿ

ಹಿಂದೆ ಜನ ಸುಮ್ಮನೆ ಕೂತು ಸಿನಿಮಾ ನೋಡುತ್ತಿದ್ದರಂತೆ. ಈಗ ಕುರ್ಚಿಯ ಕೈಮೇಲೆ ಎರಡು ಗುಂಡಿಗಳಿವೆ. ಹೆಚ್ಚು ಮಂದಿ ಒತ್ತಿದ ಕಡೆಗೆ ಕತೆ ತಿರುಗುತ್ತದೆ. ಎರಡೂ ಕೊನೆಗಳನ್ನು ಬರೆಯುವುದು ನನ್ನ ಕೆಲಸ. ಮೂವತ್ತು ಆಟಗಳಲ್ಲಿ ಒಮ್ಮೆಯೂ ಗೆಲ್ಲದ ಕೊನೆಯನ್ನು ಅಳಿಸುವುದು ಮೇಲ್ವಿಚಾರಕನ ಕೆಲಸ. ಅವನನ್ನು ನಾವು ಕತ್ತರಿ ಎನ್ನುತ್ತೇವೆ.

ಈ ಸಲದ ಕತೆಯಲ್ಲಿ ಲಾರಿ ಚಾಲಕನೊಬ್ಬ ಯಾರ ಮೇಲೋ ಗಾಡಿ ಹತ್ತಿಸಿ ಓಡಿಹೋಗುತ್ತಾನೆ. ಬಲಗಡೆ ಒತ್ತಿದರೆ ಸತ್ತವನು ಆಸ್ಪತ್ರೆಯಲ್ಲಿ ಕಣ್ಣುಬಿಟ್ಟು ಅವನನ್ನು ಕ್ಷಮಿಸುತ್ತಾನೆ. ಎಡಗಡೆ ಒತ್ತಿದರೆ ಚಾಲಕ ಸತ್ತವನ ಮನೆಗೆ ಹೋಗುತ್ತಾನೆ. ಇವನು ಯಾರೆಂದು ತಿಳಿಯದ ಹೆಂಡತಿ ಕುಡಿಯಲು ನೀರು ಕೊಡುತ್ತಾಳೆ. ಕುಡಿದು, ಏನೂ ಹೇಳದೆ ಎದ್ದು ಬರುತ್ತಾನೆ. ನಾನು ಮರ್ಯಾದೆಯಾಗಿ ಬರೆದದ್ದು ಅದೊಂದನ್ನೇ. ಇಪ್ಪತ್ತೊಂಬತ್ತು ಆಟಗಳಲ್ಲೂ ಜನ ಹೆಣವನ್ನು ಎಬ್ಬಿಸಿದ್ದರು.

ಮೂವತ್ತನೇ ಆಟಕ್ಕೆ ಮಾನ ಬಿಟ್ಟು ನೆಂಟರನ್ನು ಕರೆತಂದೆ. ಇಪ್ಪತ್ತನಾಲ್ಕು ಕುರ್ಚಿಗಳಲ್ಲಿ ಹದಿನಾಲ್ಕು ನಮ್ಮವರವೇ.

"ಎಡಗಡೆ ಒತ್ಬೇಕು ಚಿಕ್ಕಮ್ಮ."

"ಎಡ ಯಾವ್ದು ಬಲ ಯಾವ್ದು ಅಂತ ನಿಂಗೆ ಹೇಳಿಕೊಟ್ಟವಳೇ ನಾನು ಕಣೇ."

"ನಮ್ಮ ಹುಡುಗಿ ಬರೆದಿದ್ದು ಅಂದ್ಮೇಲೆ ಮುಗೀತು," ಎಂದ ಮಾವ, ಕಾಲು ಚಾಚುತ್ತ.

ನಾನು ಹಿಂದಿನ ಗಾಜಿನ ಕೋಣೆಯಿಂದ ನೋಡಿದೆ. ಪರದೆಯ ಮೇಲೆ ಸತ್ತವನ ಮಗಳು ಬಿಕ್ಕಿದಳು. ಚಿಕ್ಕಮ್ಮ ಮೂಗೊರೆಸಿಕೊಂಡಳು. ಎಣಿಕೆ ಬಂತು: ಬಲಕ್ಕೆ ಇಪ್ಪತ್ತಮೂರು, ಎಡಕ್ಕೆ ಒಂದು. ಹೆಣ ಕಣ್ಣುಬಿಟ್ಟಿತು. ಆಪರೇಷನ್ ಮಾಡಿದ್ದು ತಾವೇ ಎಂಬಂತೆ ಎಲ್ಲರೂ ಚಪ್ಪಾಳೆ ತಟ್ಟಿದರು.

"ಆ ಹುಡುಗಿ ಮುಖ ನೋಡಿ ಕೈ ಬರ್ಲಿಲ್ಲ ಕಣೇ," ಎಂದಳು ಚಿಕ್ಕಮ್ಮ ಹೊರಗೆ ಬಂದು. "ಮಿಕ್ಕವರೆಲ್ಲ ಎಡಗಡೆ ಒತ್ತೇ ಒತ್ತಾರೆ, ನಾನೊಬ್ಳು ಬಲಗಡೆ ಒತ್ತಿದ್ರೆ ಏನಾಗುತ್ತೆ ಅಂದ್ಕೊಂಡೆ."

ಹದಿಮೂರು ಮಂದಿಯೂ ಹಾಗೇ ಅಂದುಕೊಂಡಿದ್ದರು. ಹದಿನಾಲ್ಕನೆಯವನು ಮಾವ. ಅವನು ಅರ್ಧದಲ್ಲೇ ನಿದ್ದೆ ಹೋಗಿದ್ದ. ಮೊಣಕೈ ಎಡ ಗುಂಡಿಯ ಮೇಲೆ ಬಿದ್ದಿತ್ತು.

"ಅಷ್ಟಕ್ಕೂ ಎಡಗಡೆ ಏನಿತ್ತೇ?"

ಹೇಳಿದೆ.

"ನೀರು ಕುಡಿದು?"

"ಎದ್ದು ಬರ್ತಾನೆ."

"ಆಮೇಲೆ?"

"ಅಷ್ಟೇ."

"ಅದನ್ನ ನೋಡೋಕೆ ದುಡ್ಡು ಕೊಟ್ಟು ಯಾರೇ ಬರ್ತಾರೆ," ಎಂದಳು, ಬಿಟ್ಟಿ ಟಿಕೆಟ್ಟಿನಲ್ಲಿ ಬಂದವಳು.

ಮಹಡಿ ಹತ್ತುವಷ್ಟರಲ್ಲಿ ಕತ್ತರಿ ಅಳಿಸಿ ಮುಗಿಸಿದ್ದ.

"ಹೋಗ್ಲಿ ಬಿಡಮ್ಮ. ಆ ಮಗಳಿಗೂ ಡ್ರೈವರ್ ಮಗನಿಗೂ ಮದುವೆ ಮಾಡ್ಸು. ಬಟ್ಟೆ ಬಣ್ಣ ಜನಾನೇ ಆರಿಸ್ಲಿ."

ಸಂಜೆಯೊಳಗೆ ಬರೆದುಕೊಟ್ಟೆ. ಎಡಕ್ಕೆ ಹಸಿರು, ಬಲಕ್ಕೆ ಕೆಂಪು.