ಬೊಗಳುವ ಡಾಕ್ಟರು

ತೀರಿಹೋದ ಗಂಡನ ಮೈಮೇಲಿನ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದವಳಿಗೆ ಒಳಕೋಣೆಯಿಂದ ಕೆಮ್ಮು ಕೇಳಿಸಿತು. ಥೇಟ್ ನಾಯಿಮರಿ ಬೊಗಳಿದ ಹಾಗೆ. ಗುಂಡಿ ಅಲ್ಲಿಗೇ ಬಿಟ್ಟು ಎದ್ದಳು.

ಮಂಚದ ಮೇಲೆ ಪುಟ್ಟ ಮೊಮ್ಮಗಳು ಅಳುತ್ತಿದ್ದಳು. ಉಸಿರು ಎಳೆದಾಗಲೆಲ್ಲ ಗಂಟಲಲ್ಲಿ ಗೊರಗೊರ ಸದ್ದು. ನಿನ್ನೆ ಬರೀ ನೆಗಡಿಯಿತ್ತು ಎನ್ನುತ್ತ ಮಗಳು ಚಮಚ, ಟಾರ್ಚು ಹಿಡಿದು ಮಗುವಿನ ಬಾಯಿ ತೆರೆಸಲು ಹೆಣಗುತ್ತಿದ್ದಳು.

"ಚಮಚ ಕೆಳಗಿಡೇ. ನಿಮ್ಮಪ್ಪ ಇದ್ದಿದ್ರೆ ಅದರಲ್ಲೇ ನಿನಗೆ ಬಾರಿಸ್ತಿದ್ರು."

ಮಗಳು ಅಪ್ಪನ ಕ್ಲಿನಿಕ್ಕಿಗೆ ಫೋನು ಮಾಡಿದಳು. ತಾನು ಸತ್ತ ದಿನವೂ ಅಲ್ಲಿ ಬೀಗ ಬೀಳಕೂಡದು ಎಂದು ಅಪ್ಪ ಹೇಳಿದ್ದರಿಂದ ಅವರ ಶಿಷ್ಯ, ಕಿರಿಯ ಡಾಕ್ಟರು ಅಲ್ಲೇ ಇದ್ದ. ಕೆಮ್ಮು ಹೇಗಿದೆ ಎಂದು ಕೇಳಿದ. ಇವಳು ಫೋನು ಹಿಡಿದೇ ಅಮ್ಮನತ್ತ ತಿರುಗಿದಳು.

*

ಹಿಂದೊಮ್ಮೆ ಅಮ್ಮನ ತಮ್ಮನ ಮದುವೆಯ ಊಟದ ನಡುವೆ ಅವಳ ಡಾಕ್ಟರು ಗಂಡ, ಯಾವುದೋ ಮಗುವಿನ ತಾಯಿಯ ಫೋನು ಕಿವಿಗಿಟ್ಟುಕೊಂಡು ಎಲ್ಲರೆದುರು ಬೊಗಳಿದ್ದ. "ಹೀಗಾ ಕೆಮ್ಮೋದು? ಹಾಗಾದ್ರೆ ಹೆದರಬೇಡಮ್ಮ, ಕರ್ಕೊಂಡು ಬಾ." ನೆಂಟರು ಬಿದ್ದು ಬಿದ್ದು ನಕ್ಕರು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಹಲ್ಲು ಕಡಿದಳು, ಮಾನ ಮೂರು ಕಾಸಿಗೆ ಹರಾಜಾಯಿತೆಂದು.

"ನಾನು ಬೊಗಳಿದ್ರೆ ತಾಯಿ ನಗ್ತಾಳೆ ಕಣೆ. ತಾಯಿ ನಕ್ರೆ ಮಗು ಅಳು ನಿಲ್ಲಿಸುತ್ತೆ. ಅತ್ತಷ್ಟೂ ಗಂಟಲು ಕಟ್ಟುತ್ತೆ," ಎಂದಿದ್ದ ಅವನು.

*

ಅವಳು ಮಗಳ ಕೈಯಿಂದ ಫೋನು ಕಿತ್ತುಕೊಂಡಳು. ಹೊರಗಿನ ಕೋಣೆಯ ತುಂಬ ಜನ, ನಡುವೆ ಹೆಣ. ಕಣ್ಣು ಮುಚ್ಚಿ, ಗಂಟಲು ಒಡೆಯುವಂತೆ ಬೊಗಳಿದಳು.

ಹೊರಗೆ ಅಳು ಗಕ್ಕನೆ ನಿಂತಿತು. ಮೊಮ್ಮಗಳೂ ಅಳು ಮರೆತು ಅಜ್ಜಿಯನ್ನೇ ದಿಟ್ಟಿಸಿದಳು.

"ಕ್ರೂಪ್ ಇರಬೇಕಮ್ಮ, ಗಂಟಲೊಳಗೆ ಬಾವು," ಎಂದ ಕಿರಿಯ ಡಾಕ್ಟರು. "ಮಡಿಲಲ್ಲಿ ಕೂರಿಸ್ಕೊಳ್ಳಿ, ಅಳಿಸಬೇಡಿ. ಓಡಿ ಬಂದೆ."

ಅವಳು ಹೊರಗೆ ಬಂದು, ಯಾರೂ ಅಳಕೂಡದು, ಮಗು ಹೆದರುತ್ತದೆ ಎಂದು ಅಪ್ಪಣೆ ಮಾಡಿದಳು.

"ಅಣ್ಣ ಸತ್ತಿದಾನೆ ಅತ್ತಿಗೆ," ಎಂದಳು ನಾದಿನಿ. "ಅಳದೆ ಏನ್ಮಾಡ್ಲಿ?"

"ನಾಳೆ ಅಳು. ನಾನೂ ಜೊತೆಗೆ ಕೂರ್ತೀನಿ."

ಕಿರಿಯ ಡಾಕ್ಟರು ಬಂದವನೇ ಗುರುವಿನಂತೆ ಬಾಗಿಲಲ್ಲೇ ನಿಂತ. ಮುಟ್ಟದೆ ಮಗುವಿನ ಕತ್ತಿನ ಗುಳಿ, ಎದೆಗೂಡು ನೋಡಿದ. ಆಮೇಲೆ ತಾಯಿಯ ಮಡಿಲಲ್ಲೇ ಸ್ಟೀರಾಯ್ಡ್ ಔಷಧಿಯ ಒಂದು ಡೋಸನ್ನು ತೊಟ್ಟು ತೊಟ್ಟಾಗಿ ಕುಡಿಸಿದ. ಬಾವು ಇಳಿಯಲು ಹೊತ್ತು ಬೇಕೆಂದ.

"ಸುಮ್ಮನೆ ಕೂತಾಗಲೂ ಸದ್ದು ಬರ್ತಾನೇ ಇದ್ರೆ ಆಸ್ಪತ್ರೆಗೆ ಹೊರಡೋಣ. ಸಾರ್ ಕಾಯ್ತಾರೆ, ಬೇಜಾರು ಮಾಡ್ಕೊಳಲ್ಲ."

ಸಾರ್ ಕಾದರು. ಇಡೀ ಮನೆ ಉಸಿರು ಬಿಗಿಹಿಡಿದು ಕೂತಿತು. ನಾದಿನಿ ಕರವಸ್ತ್ರ ಬಾಯಿಗೆ ತುರುಕಿಕೊಂಡಿದ್ದಳು. ಸಂಜೆಯ ಹೊತ್ತಿಗೆ ಸದ್ದು ಇಳಿದು ಮಗು ತಾಯಿಯ ಹೆಗಲ ಮೇಲೆ ನಿದ್ದೆ ಹೋಯಿತು. ಆಗ ಅವಳು ಗಂಡನ ಅಂಗಿಯ ಕೊನೆಯ ಗುಂಡಿ ಹಾಕಿದಳು.

ಹೆಣ ಹೊತ್ತವರು ಚಪ್ಪಲಿ ಬಿಟ್ಟು, ಕಳ್ಳಹೆಜ್ಜೆ ಇಡುತ್ತ ಬಾಗಿಲಿಗೆ ಬಂದರು. ಅಷ್ಟರಲ್ಲಿ ಮಗು ಒಮ್ಮೆ ಕೆಮ್ಮಿತು. ಭಾರ ಹೆಗಲ ಮೇಲಿದ್ದಂತೆಯೇ ಅವರು ಹೊಸ್ತಿಲಲ್ಲಿ ನಿಂತುಬಿಟ್ಟರು. ಎಲ್ಲರ ಕಿವಿಯೂ ಆ ಪುಟ್ಟ ಗಂಟಲಿನ ಮೇಲೆ. ಉಸಿರು ಒಳಗೆ ಹೋಯಿತು, ಸದ್ದಿಲ್ಲದೆ.

ಅವಳು ತಲೆಯಾಡಿಸಿದಳು. ಅವರು ಹೊಸ್ತಿಲು ದಾಟಿದರು.